ಭದ್ರಾವತಿಯಲ್ಲಿ ಹುಟ್ಟಿದ ಸಂಘರ್ಷ: ಶಾಲೆ, ಠಾಣೆ, ನ್ಯಾಯ

ಕರ್ನಾಟಕದ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ. 47/74-75 ಎಂಬ ಅದರ ನೋಂದಣಿ ಸಂಖ್ಯೆ ಇಂದಿಗೂ ಹಲವು ಬಣಗಳ ಕರಪತ್ರ, ಬ್ಯಾನರುಗಳ ನೆತ್ತಿಯಲ್ಲಿ ಅಚ್ಚಾಗುತ್ತದೆ. ಸಮಿತಿಯ ಸ್ಥಾಪಕರಾದ ಪ್ರೊ. ಬಿ. ಕೃಷ್ಣಪ್ಪ (1938–1997) ಹರಿಹರದವರು; ಭದ್ರಾವತಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರನ್ನು ಬೆಳೆಸಿದ್ದು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಗೌಡರ ಹೊಲದ ಕೂಲಿಯೊಂದೇ ಗತಿಯಾಗಿದ್ದ ಮನೆಗಳಿಗೆ ಇಲ್ಲಿ ತಿಂಗಳ ಸಂಬಳವಿತ್ತು, ಕಾರ್ಮಿಕ ಸಂಘದ ಬಲವಿತ್ತು. ಊರಿನ ಹಂಗಿಲ್ಲದೆ ಬಾಯಿ ಬಿಟ್ಟು ಮಾತನಾಡುವ ಧೈರ್ಯ ಬರಲು ಇದೂ ಕಾರಣವೆನ್ನಬೇಕು. ಕಬ್ಬಿಣದ ಕಾರ್ಖಾನೆಗೆ ಬುನಾದಿ ಹಾಕಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು ಹಿಂದುಳಿದವರ ಮೀಸಲಾತಿಯ ಪ್ರಶ್ನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೊಡನೆ ಭಿನ್ನಾಭಿಪ್ರಾಯ ಬಂದಾಗ. ಆ ಪ್ರಶ್ನೆಯನ್ನು ಪರಿಶೀಲಿಸಲು ನೇಮಕವಾಗಿದ್ದ ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಯಾರ ಮಕ್ಕಳು ಓದಬೇಕು, ಓದಿದವರಿಗೆ ಯಾವ ಕುರ್ಚಿ ಸಿಗಬೇಕು ಎಂಬ ವಾದ ಅಲ್ಲಿಗೆ ಮುಗಿಯಲಿಲ್ಲ.

1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ರಾಜ್ಯದುದ್ದಕ್ಕೂ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಪೆಟ್ಟು ತಿಂದ ಆ ತಲೆಮಾರಿನ ಹುಡುಗರೇ ಸಮಿತಿಯ ಮೊದಲ ಕಾರ್ಯಕರ್ತರಾದರು. ಹಾಸ್ಟೆಲ್, ವಿದ್ಯಾರ್ಥಿವೇತನಗಳ ಪ್ರಶ್ನೆ ಮೊದಲಿನಿಂದಲೂ ಅವರದಾಗಿತ್ತು. ಕೇರಿಗೆ ಹೆಂಡದಂಗಡಿ ಬೇಡ, ವಸತಿ ಶಾಲೆ ಬೇಕು ಎಂಬ ಬೇಡಿಕೆ ಮುಂದೆ ಊರೂರಿಗೆ ಹಬ್ಬಿತು.

ಠಾಣೆಯ ಪ್ರಶ್ನೆ ಇದಕ್ಕಿಂತ ಕಠಿಣವಾಗಿತ್ತು. ಬಾವಿಯ ನೀರು ಮುಟ್ಟಿದ್ದಕ್ಕೋ ಕೂಲಿ ಕೇಳಿದ್ದಕ್ಕೋ ಏಟು ತಿಂದವನು ದೂರು ಕೊಡಲು ಹೋದರೆ, ರಾಜಿ ಮಾಡಿಕೊಳ್ಳಿ ಎಂದು ವಾಪಸು ಕಳಿಸುವುದು ವಾಡಿಕೆ. ಸಮಿತಿಯವರು ಅವನ ಜೊತೆ ಹೋಗುತ್ತಿದ್ದರು. ಬಿಳಿ ಹಾಳೆಯಲ್ಲಿ ದೂರು ಬರೆದು, ಅಸ್ಪೃಶ್ಯತಾ ಅಪರಾಧದ ಕಲಂ ಹಾಕಲೇಬೇಕೆಂದು ಪಟ್ಟು ಹಿಡಿಯುತ್ತಿದ್ದರು. ಒಪ್ಪದಿದ್ದರೆ ಠಾಣೆಯ ಮುಂದೆ ಧರಣಿ, ಆಮೇಲೆ ಶಿವಮೊಗ್ಗಕ್ಕೆ ಹೋಗಿ ಜಿಲ್ಲಾಧಿಕಾರಿಗೆ ಮನವಿ. ಕಾನೂನು ತಮ್ಮದೂ ಹೌದೆಂದು ಕೇರಿಯ ಜನಕ್ಕೆ ತಿಳಿದದ್ದು ಭಾಷಣಗಳಿಗಿಂತ ಹೆಚ್ಚಾಗಿ ಈ ಓಡಾಟದಿಂದ.

ಭೂಮಿಯ ಹೋರಾಟಕ್ಕೂ ಭದ್ರಾವತಿ ಬಳಿಯ ಸಿದ್ಲಿಪುರದ ಹೆಸರು ಅಂಟಿಕೊಂಡಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದ್ದರೆ ಅದನ್ನು ಮೂಲ ಮಂಜೂರಾತಿದಾರರಿಗೆ ಮರಳಿಸುವ ಕಾಯ್ದೆ 1978ರಲ್ಲಿ ಬಂತು. ಇಂಥ ಅರ್ಜಿಗಳ ವಿಚಾರಣೆ ಉಪವಿಭಾಗಾಧಿಕಾರಿಯ ಮುಂದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ ಗುಂಪು ಎರಗಿತು. ಅವರ ಬಟ್ಟೆ ಕಿತ್ತು ಮೆರವಣಿಗೆ ಮಾಡಲಾಯಿತು. ಬಂದೋಬಸ್ತಿಗಿದ್ದ ಪೊಲೀಸರಿಗೂ, ಮಹಿಳಾ ಪೊಲೀಸರಿಗೂ ಅದೇ ಗತಿಯಾಯಿತು. ತನ್ನ ಸಿಬ್ಬಂದಿಯನ್ನೇ ಕಾಯಲಾಗದ ಆಡಳಿತ ಕೇರಿಯ ಹೆಣ್ಣುಮಕ್ಕಳನ್ನು ಎಷ್ಟರಮಟ್ಟಿಗೆ ಕಾಯ್ದೀತು ಎಂಬ ಪ್ರಶ್ನೆ ನಾಡಿನೆದುರು ನಿಂತಿತು. ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

1990ರ ಜನವರಿ 30ರಂದು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ದೇಶದಲ್ಲಿ ಜಾರಿಗೆ ಬಂತು. ವಿಚಾರಣೆಗೆ ವಿಶೇಷ ನ್ಯಾಯಾಲಯಗಳು ಗೊತ್ತಾದವು. ಕರ್ತವ್ಯವನ್ನು ಬೇಕೆಂದೇ ಕಡೆಗಣಿಸುವ ಸರ್ಕಾರಿ ನೌಕರನಿಗೂ ಅದರ 4ನೇ ಕಲಂ ಶಿಕ್ಷೆ ವಿಧಿಸಿತು. 2015ರ ತಿದ್ದುಪಡಿಯಲ್ಲಿ, ದೂರು ದಾಖಲಿಸದಿರುವುದನ್ನೂ ಇಂಥ ಕಡೆಗಣನೆಯೆಂದು ಹೆಸರಿಸಲಾಯಿತು.