ಮುಂಡರಗಿ ಶಿಬಿರದಿಂದ ಲೋಕಸಭೆಗೆ: ಕುಷ್ಟಗಿಯ 1952ರ ಫಲಿತಾಂಶದ ಮರುಓದು

ಹೈದರಾಬಾದ್ ಕರ್ನಾಟಕ ವಿಮೋಚನೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ನಿಜಾಮನ ವಿರುದ್ಧ ಗಡಿಯಾಚೆಯಿಂದ ಹೋರಾಡಿದ ಶಿಬಿರಗಳ ಕಥೆಯನ್ನು 1948ರ ಸೆಪ್ಟೆಂಬರ್ 17ಕ್ಕೆ ಮುಗಿಸಿಬಿಡುತ್ತಾರೆ. ನಿಜಾಮ ಶರಣಾದ, ಶಿಬಿರಗಳು ಚದುರಿದವು, ಬಂದೂಕು ಹಿಡಿದಿದ್ದವರು ಕಾಂಗ್ರೆಸ್ಸಿನೊಳಗೆ ಸೇರಿಹೋದರು ಎಂಬಲ್ಲಿಗೆ ಅಧ್ಯಾಯ ಮುಕ್ತಾಯ. ಈ ಓದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಎಲ್ಲರ ಕಣ್ಣೆದುರೇ ಇರುವ, ಆದರೆ ಯಾರೂ ನಿಂತು ನೋಡದ ಒಂದು ದಾಖಲೆ. 1952ರ ಲೋಕಸಭಾ ಚುನಾವಣೆಯಲ್ಲಿ ಹೈದರಾಬಾದ್ ರಾಜ್ಯದ ಕುಷ್ಟಗಿ ಕ್ಷೇತ್ರದಿಂದ ಗೆದ್ದವರು ಅಳವಂಡಿ ಶಿವಮೂರ್ತಿಸ್ವಾಮಿ. ಅವರ ಹೆಸರಿನ ಮುಂದೆ ಪಕ್ಷದ ಕಾಲಮಿನಲ್ಲಿರುವುದು ‘ಪಕ್ಷೇತರ’.

ಮುಂಡರಗಿ ಶಿಬಿರವನ್ನು ಮುನ್ನಡೆಸಿದವರೇ ಈ ಸ್ವಾಮಿಗಳು. ಶಿಬಿರದ ಕಾರ್ಯಕರ್ತರು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಮುಂಡರಗಿಯಿಂದ ಗಡಿ ದಾಟಿ ನಿಜಾಮನ ಕರೋಡಗಿರಿ (ಸುಂಕದ) ನಾಕೆಗಳ ಮೇಲೆ ಬೀಳುತ್ತಿದ್ದರು. ಅಂಥ ಶಿಬಿರದ ನಾಯಕ ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲೇ ಕಾಂಗ್ರೆಸ್ಸಿನ ಹೊರಗೆ ನಿಂತು ಗೆದ್ದಿದ್ದಾರೆಂದರೆ ‘ಸೇರಿಹೋದರು’ ಎಂಬ ಮಾತು ನಿಲ್ಲುವುದು ಹೇಗೆ? ಅದೇ ಚುನಾವಣೆಯಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರು ಗುಲಬರ್ಗಾದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಒಂದೇ ಚಳವಳಿಯ ಇಬ್ಬರು ಸ್ವಾಮಿಗಳು ಎರಡು ದಾರಿ ಹಿಡಿದಿದ್ದಾರೆ. ನಮ್ಮ ಇತಿಹಾಸಕಾರರು ಕಾಂಗ್ರೆಸ್ಸಿನ ದಾರಿಯನ್ನಷ್ಟೇ ಚಳವಳಿಯ ದಾರಿ ಎಂದು ಬರೆದರು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತಿದೆ: ಅದು ಶಿಬಿರದ ಗೆಲುವಲ್ಲ, ಕಾವಿಯ ಗೆಲುವು, ಸ್ವಾಮಿಗಳ ಮೇಲಿನ ಭಕ್ತಿ ತಂದ ಮತ. ಭಕ್ತಿಯ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಕ್ಷೆ ಬಿಡಿಸಿ ನೋಡಬೇಕು. ಮುಂಡರಗಿಯಿಂದ ಪೂರ್ವಕ್ಕೆ ಹೊರಟರೆ ಕೊಪ್ಪಳ ಸೀಮೆ. ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರವಿದ್ದ ಗಜೇಂದ್ರಗಡದಿಂದ ಹೊರಟರೆ ಯಲಬುರ್ಗಾ, ಕುಷ್ಟಗಿ. ಶಿಬಿರದವರು ಓಡಾಡಿದ, ನಿಜಾಮನ ಪರವಾದ ರಜಾಕಾರ ಪಡೆಯ ಹಾವಳಿಗೆ ಹೆದರಿ ಜನ ಊರು ಬಿಟ್ಟ ಸೀಮೆಯೇ ಇದು. ಇಲ್ಲಿ ಬಿದ್ದ ಮತದಿಂದ ಮಠವನ್ನೂ ಶಿಬಿರವನ್ನೂ ಬೇರ್ಪಡಿಸಿ ಶಿಬಿರಕ್ಕೆ ಸೊನ್ನೆ ಕೊಡುವುದು ಸಂಶೋಧನೆಯಲ್ಲ, ಸೋಮಾರಿತನ.

ಈಚೆಗೆ ಇನ್ನೊಂದು ಚಾಳಿ ಶುರುವಾಗಿದೆ. ಶಾಂತಿ ಒಪ್ಪಂದದ ಬಳಿಕ ಬಂಡುಕೋರರು ಪಕ್ಷವಾಗುವ ಹೊರದೇಶಗಳ ಮಾದರಿಯನ್ನು ತಂದು ಇಲ್ಲಿಗೆ ಹೊಂದಿಸುವುದು. ಎಲ್ ಸಾಲ್ವಡಾರ್‌ನಲ್ಲಿ 1992ರ ಒಪ್ಪಂದಕ್ಕೆ ಬಂಡುಕೋರರೇ ಸಹಿ ಹಾಕಿದ್ದರು. ಅವರು ಪಕ್ಷ ಕಟ್ಟುವ ಹಕ್ಕು ಒಪ್ಪಂದದೊಳಗೇ ಇತ್ತು. ಇಲ್ಲಿ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ಆದದ್ದು ನಿಜಾಮ ಮತ್ತು ದೆಹಲಿಯ ನಡುವೆ. ಮರುವರ್ಷದ ಶರಣಾಗತಿಯೂ ಅವರಿಬ್ಬರ ನಡುವಿನದೇ. ಎರಡರಲ್ಲೂ ಶಿಬಿರಗಳಿಗೆ ಜಾಗವಿರಲಿಲ್ಲ. ತೆಲಂಗಾಣದ ಕಮ್ಯುನಿಸ್ಟರ ಸ್ಥಿತಿಯೂ ಬೇರೆಯಲ್ಲ. 1951ರ ಅಕ್ಟೋಬರ್‌ನಲ್ಲಿ ಅವರು ಸಶಸ್ತ್ರ ಹೋರಾಟವನ್ನು ಹಿಂತೆಗೆದುಕೊಂಡರು. ಹೈದರಾಬಾದಿನಲ್ಲಿ ಪಕ್ಷದ ಮೇಲೆ ನಿಷೇಧವಿದ್ದುದರಿಂದ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ಚುನಾವಣೆಗೆ ನಿಂತರು. ನಲಗೊಂಡದಲ್ಲಿ ರಾವಿ ನಾರಾಯಣ ರೆಡ್ಡಿ ನೆಹರೂಗಿಂತ ಹೆಚ್ಚು ಮತ ಪಡೆದರು. ಗಡಿಯಾಚೆ ಮದ್ರಾಸ್ ರಾಜ್ಯದಲ್ಲಿದ್ದ ಅನಂತಪುರದಲ್ಲಿ ಕಮ್ಯುನಿಸ್ಟ್ ತರಿಮೆಲ ನಾಗಿರೆಡ್ಡಿ ಕಾಂಗ್ರೆಸ್ ನಾಯಕ ನೀಲಂ ಸಂಜೀವ ರೆಡ್ಡಿಯವರನ್ನೇ ಸೋಲಿಸಿದರು. ಒಪ್ಪಂದ ಇವರಲ್ಲಿ ಯಾರಿಗೂ ಬಾಗಿಲು ತೆರೆಯಲಿಲ್ಲ. ತೆರೆದದ್ದು ವಯಸ್ಕ ಮತದಾನ.

ಇನ್ನು, ಗೆದ್ದದ್ದು ವ್ಯಕ್ತಿ, ಪಕ್ಷವೆಲ್ಲಿ ಎಂಬ ಆಕ್ಷೇಪ. 1957ರಲ್ಲಿ ಕೊಪ್ಪಳ ಕ್ಷೇತ್ರ ಕಾಂಗ್ರೆಸ್ಸಿನ ಪಾಲಾಯಿತೆಂಬುದು ಈ ವಾದದವರ ದೊಡ್ಡ ಆಧಾರ. ಅಷ್ಟರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ, ಹೈದರಾಬಾದ್ ರಾಜ್ಯವೇ ಇಲ್ಲವಾಗಿ, ಕುಷ್ಟಗಿ ಎಂಬ ಲೋಕಸಭಾ ಕ್ಷೇತ್ರವೂ ಮಾಯವಾಗಿತ್ತು. ಎರಡು ಫಲಿತಾಂಶಗಳನ್ನು ನೇರವಾಗಿ ತೂಗುವಂತಿಲ್ಲ. 1962ರಲ್ಲಿ ಅದೇ ಕೊಪ್ಪಳದಿಂದ ಶಿವಮೂರ್ತಿಸ್ವಾಮಿಗಳು ಮತ್ತೆ ಗೆದ್ದರು. ಈ ಸಲ ಅವರ ಹೆಸರಿನ ಮುಂದಿರುವುದು ಲೋಕ ಸೇವಕ ಸಂಘ. ಅದನ್ನು ದೊಡ್ಡ ಪಕ್ಷವೆಂದು ನಾನು ಹೇಳುತ್ತಿಲ್ಲ. ಆದರೆ ಶಿಬಿರ ಚದುರಿ ಹದಿನಾಲ್ಕು ವರ್ಷಗಳ ಮೇಲೂ ಅದರ ನಾಯಕ ಕಾಂಗ್ರೆಸ್ಸಿನ ಹೊರಗೇ ಒಂದು ಹೆಸರಿಟ್ಟುಕೊಂಡು ಗೆದ್ದದ್ದು ದಾಖಲೆಯಲ್ಲಿದೆ. 1948ಕ್ಕೆ ಅಧ್ಯಾಯ ಮುಗಿಸುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು.