ಬಳ್ಳಾರಿಯ ಪಡುವಣ ತಾಲ್ಲೂಕುಗಳು: ಮುಡಿಪು, ಸೇವೆ ಮತ್ತು ಆತ್ಮಗೌರವ

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ನೆಲವು 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ ಭಾಗವಾಗಿ ಬ್ರಿಟಿಷರ ಕೈಸೇರಿತು. ಮುಂದೆ 1953ರ ಅಕ್ಟೋಬರ್ 1ರವರೆಗೆ, ಅಂದರೆ ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ, ಅದು ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯ ಪಡುವಣ ಅಂಚಾಗಿತ್ತು. ಕೊಟ್ಟೂರೇಶ್ವರನ ಮಠ ಮತ್ತು ಉಜ್ಜಿನಿಯ ಪೀಠಗಳಿಂದಾಗಿ ಕಾಯಕ ಮತ್ತು ದಾಸೋಹಗಳು, ಅಂದರೆ ದುಡಿದು ಹಂಚಿ ಉಣ್ಣುವ ಶರಣರ ಆಚಾರಗಳು, ಇಲ್ಲಿನ ಜನರಿಗೆ ಹೊಸತಾಗಿರಲಿಲ್ಲ. ಆದ್ದರಿಂದ ಸೇವೆಯ ಆದರ್ಶವನ್ನು ಈ ನಾಡಿಗೆ ಕ್ರೈಸ್ತ ಮಿಶನರಿಗಳೇ ತಂದರೆಂದು ಬರೆಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯವಾಗುತ್ತದೆ. ಅವರು ಎತ್ತಿದ ಪ್ರಶ್ನೆ ಬೇರೆಯದು: ಊರಿನ ಹೊರಗೆ ಬದುಕುವವರಿಗೆ, ಇನ್ನೊಬ್ಬರ ಚಾಕರಿಗೆ ಅಥವಾ ದೇವರ ಹೆಸರಿಗೆ ಹುಟ್ಟಿನಿಂದಲೇ ಮೀಸಲಾದವರಿಗೆ, ತಮ್ಮ ಇಚ್ಛೆಯಿಂದ ಸೇವೆಯನ್ನು ಆರಿಸಿಕೊಳ್ಳುವ ಹಕ್ಕು ಉಂಟೇ ಎಂಬುದು.

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ಬಸವಿ ಪದ್ಧತಿಯನ್ನು ನೋಡಬೇಕು. ಗಂಡು ಸಂತಾನವಿಲ್ಲದ ಮನೆಯವರು, ಅಥವಾ ಕಾಯಿಲೆ ಕಸಾಲೆಯ ಕಾಲದಲ್ಲಿ ಹರಕೆ ಹೊತ್ತವರು, ಮಗಳೊಬ್ಬಳನ್ನು ಉಚ್ಚಂಗಿದುರ್ಗದ ಉಚ್ಚಂಗೆಮ್ಮ ದೇವಿಗೋ ಹುಲಿಗೆಮ್ಮ ದೇವಿಗೋ ಬಸವಿಯಾಗಿ ಬಿಡುತ್ತಿದ್ದರು. ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ಸುಮಾರಿಗೆ ಈ ಆಚರಣೆಯನ್ನು ಕುರಿತು ಬರೆದ ಪ್ರಬಂಧವನ್ನು ಮುಂದಿನ ವಿದ್ವಾಂಸರು ಮತ್ತೆ ಮತ್ತೆ ಬಳಸಿಕೊಂಡರು. ಆ ಕಾಲದ ವರ್ಣನೆಗಳಲ್ಲಿ, ಮೊನೆಗೆ ನಿಂಬೆಹಣ್ಣು ಚುಚ್ಚಿದ ಕತ್ತಿಯೊಂದು ವರನ ಸ್ಥಾನದಲ್ಲಿ ನಿಲ್ಲುತ್ತದೆ, ಹುಡುಗಿ ಅದನ್ನು ಬಲಗೈಯಲ್ಲಿ ಹಿಡಿದು ಕೂರುತ್ತಾಳೆ. ಹೀಗೆ ಬಿಡಲ್ಪಟ್ಟವಳು ಮಗನಂತೆ ತಂದೆಯ ಆಸ್ತಿಗೆ ಬಾಧ್ಯಳಾಗಿ ಅವನ ಉತ್ತರಕ್ರಿಯೆಯನ್ನೂ ಮಾಡಬಹುದಿತ್ತು, ಅವಳ ಮಕ್ಕಳು ತಾಯಿಯ ಮನೆತನಕ್ಕೇ ಸೇರುತ್ತಿದ್ದರು. ಈ ಹಕ್ಕುಗಳು ಕಾಗದದ ಮೇಲೆ ದೊಡ್ಡವಾಗಿ ಕಂಡರೂ, ಆಸ್ತಿಯೇ ಇಲ್ಲದ ದಲಿತ ಮನೆಗಳಲ್ಲಿ ಅವುಗಳಿಗೆ ಬೆಲೆಯಿರಲಿಲ್ಲ. ಉಳಿಯುತ್ತಿದ್ದುದು ಮದುವೆಯ ಹಕ್ಕನ್ನು ಕಳೆದುಕೊಂಡ ಹೆಣ್ಣು ಮತ್ತು ತಂದೆಯ ಹೆಸರಿಲ್ಲದ ಮಕ್ಕಳು ಮಾತ್ರ.

1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಕನ್ನಡಕ್ಕೆ ಅಚ್ಚಾದ ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ಆದರೂ ಅವರು ಶಾಲೆಗಳನ್ನು ತೆರೆದು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ವರ್ಷಗಳನ್ನು ಕಳೆದರು. ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. ಮಿಶನರಿಗಳು ಹಂಪಿಯ ಜಾತ್ರೆಗೆ ಹೋಗಿ ಬೋಧಿಸುತ್ತಿದ್ದರು, ಆದರೆ ಮತಾಂತರ ಹೊಂದಿದವರ ಸಂಖ್ಯೆ ದಶಕಗಳ ಕಾಲ ಬಹಳ ಚಿಕ್ಕದಾಗಿಯೇ ಉಳಿಯಿತು.

ಬಳ್ಳಾರಿಯ ಕ್ರೈಸ್ತ ಚರಿತ್ರೆಯಲ್ಲಿ ಹ್ಯಾಂಡ್ಸ್ ಅವರ ಹೆಸರಿಗಿಂತ ಹೆಚ್ಚು ಗಮನಕ್ಕೆ ಯೋಗ್ಯವಾದದ್ದು ಸ್ಯಾಮ್ಯುಯೆಲ್ ಫ್ಲೇವೆಲ್ ಅವರ ಹೆಸರು. ತಮಿಳು ಮನೆಮಾತಿನ ಈ ವ್ಯಕ್ತಿ ಮೊದಲು ಐರೋಪ್ಯರ ಮನೆಯಲ್ಲಿ ಆಳಾಗಿದ್ದವರು, ತಮಿಳಿನಲ್ಲಿ ಅಚ್ಚಾದ ಸುವಾರ್ತೆಯನ್ನು ಓದಿ ಕ್ರೈಸ್ತರಾದವರು. ಬೆಂಗಳೂರಿನಲ್ಲಿ ಸಭೆಯೊಂದನ್ನು ಕಟ್ಟಿದ ಮೇಲೆ ಅವರಿಗೆ ಪಾದ್ರಿಯ ದೀಕ್ಷೆ ದೊರೆಯಿತು. 1827ರಲ್ಲಿ ಬಳ್ಳಾರಿಗೆ ಬಂದು, 1847ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ದೇಶೀಯ ಸಭೆಯ ಭಾರವನ್ನು ಹೊತ್ತರು. ಆಳಿನ ಕೆಲಸವೂ ಸೇವೆಯೇ, ಪಾದ್ರಿಯ ಕೆಲಸವೂ ಸೇವೆಯೇ. ಆದರೆ ಮೊದಲನೆಯದನ್ನು ಬಡತನ ಅವರ ಮೇಲೆ ಹೇರಿದರೆ, ಎರಡನೆಯದನ್ನು ಅವರೇ ಒಪ್ಪಿಕೊಂಡರು. ತನ್ನನ್ನು ದೇವರು ಬೆಲೆಯುಳ್ಳವನೆಂದು ಎಣಿಸಿದ್ದಾನೆ ಎಂಬ ನಂಬಿಕೆಯಿಂದ ಒಬ್ಬ ಮನುಷ್ಯ ತಲೆಯೆತ್ತಿ ನಡೆದು, ಆ ಬಲದಿಂದಲೇ ಇತರರ ಕಷ್ಟಕ್ಕೆ ಹೆಗಲು ಕೊಡಬಹುದೆಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಹಳೆಯ ನಿದರ್ಶನ ಸಿಗುವುದು ಕಷ್ಟ.

1846ರಲ್ಲಿ ಇದೇ ಮಿಶನ್ನಿನಿಂದ ಬಳ್ಳಾರಿಯಲ್ಲಿ ಆರಂಭವಾದ ವಾರ್ಡ್ಲಾ ಶಾಲೆ ಜಿಲ್ಲೆಯ ಹುಡುಗರಿಗೆ ಇಂಗ್ಲಿಷ್ ವಿದ್ಯೆಯ ದಾರಿ ತೆರೆಯಿತು. ಬಳ್ಳಾರಿಯಲ್ಲೇ ಮಿಶನರಿಯಾಗಿ ದುಡಿದ ಬರ್ನಾರ್ಡ್ ಲೂಕಸ್ 1907ರಲ್ಲಿ ಮತ್ತು 1914ರಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ, ಮಿಶನ್ನಿನ ಗುರಿ ಜನರನ್ನು ಒಂದು ಮತದಿಂದ ಇನ್ನೊಂದಕ್ಕೆ ಎಳೆಯುವುದಲ್ಲ, ಕ್ರಿಸ್ತನ ಮನೋಧರ್ಮವನ್ನು ಸಮಾಜದಲ್ಲಿ ಹರಡುವುದು ಎಂದು ವಾದಿಸಿದರು. ದೀಕ್ಷಾಸ್ನಾನದ ಲೆಕ್ಕವೇ ಮಿಶನ್ನಿನ ಅಳತೆಗೋಲಾಗಿದ್ದ ಕಾಲದಲ್ಲಿ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು.

ಬಸವಿ ಬಿಡುವ ಪದ್ಧತಿಯನ್ನು ತಡೆಯಲು ಧರ್ಮಬೋಧೆ ಸಾಲಲಿಲ್ಲ, ಕಾನೂನೂ ಬೇಕಾಯಿತು. ಸಮಾಜ ಸುಧಾರಕಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ ಬಂದ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ 1947ರ ಮದ್ರಾಸ್ ಕಾಯ್ದೆ ಈ ತಾಲ್ಲೂಕುಗಳಿಗೂ ಅನ್ವಯಿಸಿತು, ಮುಂದೆ ಕರ್ನಾಟಕ 1982ರಲ್ಲಿ ತನ್ನದೇ ನಿಷೇಧ ಕಾಯ್ದೆ ತಂದಿತು. ಆದರೂ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರನ್ನು, ಅಂದರೆ ಬಸವಿಯರಂತೆ ದೇವರಿಗೆ ಬಿಡಲ್ಪಟ್ಟವರನ್ನು, ಗುರುತಿಸಿದವು. ಅವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯವರು.

ಇದೇ ಪರಿಶಿಷ್ಟ ಸಮುದಾಯಗಳ ಮುಂದೆ ಕ್ರೈಸ್ತ ನಂಬಿಕೆ ಒಂದು ಕಠಿಣವಾದ ಆಯ್ಕೆಯನ್ನೂ ಇಟ್ಟಿದೆ. 1950ರ ರಾಷ್ಟ್ರಪತಿ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ಸೇರಿಸಲಾಯಿತು, ಕ್ರೈಸ್ತರು ಹೊರಗೇ ಉಳಿದರು. ಹೀಗಾಗಿ ಚರ್ಚಿನಲ್ಲಿ ಸಮಾನನೆಂದು ಕರೆಸಿಕೊಂಡ ದಲಿತನು ಬಹಿರಂಗವಾಗಿ ಕ್ರೈಸ್ತನಾದರೆ, ಮಗನ ಹಾಸ್ಟೆಲ್ ಸೀಟು ಮತ್ತು ನೌಕರಿಯ ಮೀಸಲಾತಿಗೆ ಬೇಕಾದ ಜಾತಿ ಪ್ರಮಾಣಪತ್ರವನ್ನು ಕಳೆದುಕೊಳ್ಳುತ್ತಾನೆ. ಮತಾಂತರ ಹೊಂದಿದ ದಲಿತರ ಸ್ಥಾನಮಾನವನ್ನು ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು.