ಬೀಗ ಬದಲಿಸುವ ರೋಗ

ಅಮೋಘಸಿದ್ಧನ ದರ್ಶನಕ್ಕೆಂದು ಅರಕೇರಿಗೆ ಹೋದವನು ಸೋದರಮಾವನವರ ಮನೆಯಲ್ಲಿ ಉಳಿದೆ. ಅವರಿಗೆ ರಕ್ತದ ಒಂದು ಬಗೆಯ ಕ್ಯಾನ್ಸರು. ಹಲವು ವರ್ಷ ದಿನವೂ ಗುಳಿಗೆ ನುಂಗಿ ಹೊಲಮನೆ ನೋಡಿಕೊಂಡಿದ್ದರು. ಈಗ ಆ ಗುಳಿಗೆ ನಾಟುತ್ತಿಲ್ಲ. ಜಾತ್ರೆಯಲ್ಲಿ ಪಥ್ಯ ಮುರಿದದ್ದೇ ಕಾರಣವೆಂದು ಮನೆಯವರ ದೂರು. “ಗುಳಗಿ ಅದ, ನಾನೂ ಅವನ. ಮತ್ಯಾಕ ಹಿಂಗಾತೋ ತಮ್ಮಾ? ನೀ ಕಾಲೇಜದಾಗ ಕಲಿಸಾಂವ, ಹೇಳಪಾ” ಎಂದರು. ಕನ್ನಡ ಪಾಠ ಹೇಳುವ ನಾನು ಏನು ಹೇಳಲಿ? ವಿಜಯಪುರಕ್ಕೆ ಮರಳಿ ಪುಸ್ತಕ ತೆರೆದೆ.

ಕಥೆ 1960ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್, ಡೇವಿಡ್ ಹಂಗರ್‌ಫರ್ಡ್ ಎಂಬಿಬ್ಬರು ಇಂಥ ರೋಗಿಗಳ ರಕ್ತದಲ್ಲಿ ಮೊಟಕಾದ ವರ್ಣತಂತುವೊಂದನ್ನು ಕಂಡರು. 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಕೂಡಿಕೆಯಿಂದ ಹುಟ್ಟುವ ಪ್ರೋಟೀನು ಜೀವಕೋಶಕ್ಕೆ ಬಿಡುವಿಲ್ಲದೆ ‘ಬೆಳೆ’ ಎಂದು ಅಪ್ಪಣೆ ಕೊಡುತ್ತದೆ. ಅದರ ಕುಳಿಯಲ್ಲಿ, ಬೀಗದೊಳಗಿನ ಕೀಲಿಯಂತೆ ಕುಳಿತು ಬಾಯಿ ಕಟ್ಟುವ ಚಿಕ್ಕ ಅಣುವೇ ಇಮ್ಯಾಟಿನಿಬ್. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಸೋಜಿಗವೆಂದರೆ, ಅದರ ಸೋಲಿನ ಗುಟ್ಟು ಹೊರಬಿದ್ದದ್ದೂ ಅದೇ ವರ್ಷ. ಪ್ರೋಟೀನಿನ 315ನೆಯ ಸ್ಥಾನದಲ್ಲಿ ಥ್ರಿಯೋನಿನ್ ಹೋಗಿ ತುಸು ದಪ್ಪನೆಯ ಐಸೊಲ್ಯೂಸಿನ್ ಬಂದರೆ ಕೀಲಿ ಹೊಂದುವುದಿಲ್ಲ. ಮುಂದೆ ಬಂದ ಡಸಾಟಿನಿಬ್, ನಿಲೊಟಿನಿಬ್‌ಗಳು ಇತರ ಬದಲಾವಣೆಗಳನ್ನು ಬಹುಮಟ್ಟಿಗೆ ಗೆದ್ದರೂ ಇದೊಂದರ ಮುಂದೆ ಕೈಚೆಲ್ಲಿದವು. 2012ರಲ್ಲಿ ಬಂದ ಪೊನಾಟಿನಿಬ್, ನಡುವಿನ ತೆಳ್ಳನೆಯ ಇಂಗಾಲದ ತ್ರಿಬಂಧದ ಬಲದಿಂದ ಆ ಅಡ್ಡಿಯ ಪಕ್ಕಕ್ಕೆ ನುಸುಳಿತು. ರಕ್ತನಾಳ ಕಟ್ಟುವ ಅಪಾಯವನ್ನೂ ಜತೆಗೇ ತಂದಿತು.

ಅದೇ 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಮತ್ತು ಸಂಗಡಿಗರು ಬೇರೊಂದು ದಾರಿಯ ಸುದ್ದಿ ಕೊಟ್ಟರು. ವಿಕಿರಣವೂ ಕೆಲವು ಔಷಧಗಳೂ ಅರ್ಬುದದ ಜೀವಕೋಶದ ಡಿಎನ್‌ಎ ಎಳೆಗಳನ್ನು ಹರಿಯುತ್ತವೆ. ಜೀವಕೋಶ ಅವನ್ನು ಮತ್ತೆ ಹೊಸೆದುಕೊಂಡು ಬದುಕುತ್ತದೆ. ಹೊಸೆಯುವ ಆ ಕೈಯನ್ನೇ ಕಟ್ಟಲೆಂದು ಅವರು ಎಸ್‌ಸಿಆರ್7 ಎಂಬ ಅಣುವನ್ನು ರೂಪಿಸಿದರು. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿತು. 2016ರಲ್ಲಿ ಅಮೆರಿಕದ ಸಂಶೋಧಕರು ಅದರ ರಚನೆಯನ್ನೂ ಶಕ್ತಿಯನ್ನೂ ಪ್ರಶ್ನಿಸಿದರು. ರೋಗಿಯ ಕೈಗೆ ಅದಿನ್ನೂ ಔಷಧವಾಗಿ ಬಂದಿಲ್ಲ. ವಿಜ್ಞಾನದ ಇತಿಹಾಸದಲ್ಲಿ ಗೆಲುವಿನಷ್ಟೇ ಇಂಥ ತಕರಾರುಗಳಿಗೂ ಬೆಲೆಯಿದೆ. ಸುಳ್ಳು ಆಸೆಯಿಂದ ರೋಗಿಯನ್ನು ಕಾಯುವವು ಇವೇ.

ಮುಂದಿನ ವಾರ ಮಾವನವರಿಗೆ ಹೇಳಿದೆ: “ಗುಳಗಿ ಕೆಟ್ಟಿಲ್ಲ ಮಾವಾ, ನೀವೂ ತಪ್ಪು ಮಾಡಿಲ್ಲ. ರೋಗ ಬೀಗ ಬದಲಿಸಿರಬೇಕು. ಹೆಂಗ ಬದಲಿಸೇತಿ ಅಂತ ನೋಡಾಕ ಡಾಕ್ಟರು ರಕ್ತ ಕಳಿಸ್ಯಾರ. ಅದು ತಿಳದ ಮ್ಯಾಲೆ ಬ್ಯಾರೆ ಕೀಲಿ.”

ಮಾವ ಒಳಗೆ ತಿರುಗಿ ಅತ್ತೆಗೆ ಕೂಗಿ ಹೇಳಿದರು: “ಕೇಳಿದಿ? ಪಥ್ಯದ ಮಾತಲ್ಲಂತ ಇದು!”